ಓದುಗರ ಪ್ರಶ್ನೆ–ಉತ್ತರ: ಮೂರನೇ ಮೀಟಪ್‌ಗೆ ಜನ ಯಾಕೆ ಬರಲಿಲ್ಲ?

ಪ್ರಶ್ನೆ: ನಾವು ಐದು ಜನ ಗೆಳತಿಯರು ಸೇರಿ ತುಮಕೂರಿನಲ್ಲಿ ಪ್ರೋಗ್ರಾಮಿಂಗ್ ಕಲಿಯುವವರ ಗುಂಪೊಂದನ್ನು ಶುರು ಮಾಡಿದೆವು. ಮೊದಲ ಮೀಟಪ್‌ಗೆ 42 ಜನ ಬಂದರು, ಎರಡನೆಯದಕ್ಕೆ 19, ಮೂರನೆಯದಕ್ಕೆ ಬರೀ 6. ಬೆಂಗಳೂರಿನಿಂದ ಒಳ್ಳೊಳ್ಳೆ ಭಾಷಣಕಾರರನ್ನೇ ಕರೆಸಿದ್ದೆವು. ಎಲ್ಲಿ ಎಡವಿದೆವು?
— ಬಿ.ಇ. ಅಂತಿಮ ವರ್ಷದ ವಿದ್ಯಾರ್ಥಿನಿ, ತುಮಕೂರು

ಉತ್ತರ: ಎಡವಿದ್ದು ಬಹುಶಃ ಭಾಷಣದಲ್ಲೇ. ಒಳ್ಳೆಯ ಭಾಷಣ ಮೊಬೈಲಿನಲ್ಲೂ ಸಿಗುತ್ತದೆ, ಅದಕ್ಕಾಗಿ ಗುಬ್ಬಿಯಿಂದಲೋ ಕೊರಟಗೆರೆಯಿಂದಲೋ ಯಾರೂ ಎರಡನೇ ಸಲ ಬಸ್ಸು ಹತ್ತುವುದಿಲ್ಲ. ಮನೆಯಲ್ಲಿ ಸಿಗದಿರುವುದು ಒಂದೇ: ಕೋಡ್ ಎಲ್ಲೋ ಸಿಕ್ಕಿಹಾಕಿಕೊಂಡಾಗ ಪಕ್ಕದಲ್ಲಿ ಕೂತು ನೋಡುವ ಮನುಷ್ಯ. ಮೀಟಪ್ ಅದನ್ನು ಕೊಡಬೇಕು. ಬಂದ ಪ್ರತಿಯೊಬ್ಬರೂ ತಾವೇ ಟೈಪ್ ಮಾಡಿದ ಒಂದು ಪ್ರೋಗ್ರಾಂ ಓಡಿಸಿಯೇ ಮನೆಗೆ ಹೋಗಬೇಕು.

ಬೆಳಗ್ಗೆ 10ರಿಂದ 1ರವರೆಗೆ, ಮೂರು ಗಂಟೆ ಸಾಕು. 20 ನಿಮಿಷ ಒಂದೇ ವಿಷಯ ಹೇಳಿ, ನಂತರ 45 ನಿಮಿಷ ಎಲ್ಲರೂ ಟೈಪ್ ಮಾಡಲಿ. ಟೀ ಆದ ಮೇಲೆ ಇನ್ನೊಮ್ಮೆ ಹಾಗೆಯೇ. ಕೊನೆಯ ಕಾಲು ಗಂಟೆ ಹೊಸಬರಿಬ್ಬರು ತಾವು ಬರೆದದ್ದನ್ನು ಪ್ರಾಜೆಕ್ಟರಿನಲ್ಲಿ ತೋರಿಸಲಿ. ಏಳೆಂಟು ಜನಕ್ಕೆ ಒಬ್ಬರಂತೆ ಸಹಾಯಕರು ಓಡಾಡುತ್ತಿರಬೇಕು. ಅವರಿಗೆ ಒಂದು ಕಟ್ಟುನಿಟ್ಟು: ಕಲಿಯುವವರ ಕೀಬೋರ್ಡ್ ಮುಟ್ಟಬಾರದು. 'ನಾಲ್ಕನೇ ಸಾಲು ಜೋರಾಗಿ ಓದಿ' ಎಂದರೆ ಕಾಲನ್ ಬಿಟ್ಟಿರುವುದು ಅವರಿಗೇ ಕಾಣುತ್ತದೆ. ಸಹಾಯಕರೇ ಸರಿಮಾಡಿಕೊಟ್ಟರೆ ಕೋಡ್ ಓಡುತ್ತದೆ, ಕಲಿಯುವವರಿಗೆ ಏನೂ ದಕ್ಕುವುದಿಲ್ಲ.

ಇನ್ನು ದಿನ. ತುಮಕೂರಿನಲ್ಲಿ ಕೆಲಸ ಬಲ್ಲವರಲ್ಲಿ ಅನೇಕರು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ವಾರದ ಸಂಜೆ ಇಟ್ಟರೆ ಅವರು ನಿಮಗೆ ಸಿಗುವುದಿಲ್ಲ. ಭಾನುವಾರ ಇಟ್ಟರೆ ಕಾಲೇಜುಗಳು ಎಷ್ಟೋ ಸಲ ನೇಮಕಾತಿ ಪರೀಕ್ಷೆಯ ಕೇಂದ್ರಗಳಾಗಿರುತ್ತವೆ, ಕೊನೆಯ ಗಳಿಗೆಯಲ್ಲಿ ಕೊಠಡಿ ಇಲ್ಲ ಎನ್ನುತ್ತಾರೆ. ತಿಂಗಳ ಎರಡನೇ ಶನಿವಾರ ಹೆಚ್ಚು ಭದ್ರ. ಯಾವುದೇ ದಿನವಿರಲಿ, ಅದನ್ನು ಬದಲಿಸಬೇಡಿ, ನಾಲ್ಕೇ ಜನ ಬಂದರೂ ನಡೆಸಿ. ಮುಂದಿನ ತಾರೀಖು ಮತ್ತು ವಿಷಯವನ್ನು ಜನ ಎದ್ದು ಹೋಗುವ ಮೊದಲೇ ಬೋರ್ಡಿನ ಮೇಲೆ ಬರೆಯಿರಿ. ಹಾಸ್ಟೆಲ್ ಹುಡುಗಿಯರಿಗೆ ಹೊರಹೋಗಲು ಅನುಮತಿ ಬೇಕಾಗುತ್ತದೆ. ಜಾಗ, ಸಮಯ, ಜವಾಬ್ದಾರರ ಹೆಸರು ಇರುವ ಪತ್ರವೊಂದು ವಾರ ಮೊದಲೇ ವಾರ್ಡನ್ ಕೈ ಸೇರಿದರೆ ಅವರ ಹಾಜರಿಯೇ ಬೇರೆಯಾಗುತ್ತದೆ.

ನೀವು ಐವರೂ ಅಂತಿಮ ವರ್ಷದವರಾದರೆ ಪದವಿಯ ಜೊತೆಗೇ ಗುಂಪೂ ಮುಗಿಯುತ್ತದೆ. ಕಾಲೇಜುಗಳ ಗುಂಪುಗಳು ಹೆಚ್ಚಾಗಿ ನಿಲ್ಲುವುದೇ ಹೀಗೆ. ಈಗಲೇ ಎರಡನೇ ವರ್ಷದ ಒಬ್ಬರನ್ನು, ಊರಲ್ಲೇ ನೆಲೆಸಿರುವ ಉದ್ಯೋಗಸ್ಥರೊಬ್ಬರನ್ನು ಜೊತೆಗೆ ಸೇರಿಸಿಕೊಂಡು, ಗುಂಪಿನ ಇಮೇಲ್ ಪಾಸ್‌ವರ್ಡ್ ಅವರಿಗೂ ಕೊಡಿ.

ಪ್ರಶ್ನೆ: ನಮ್ಮ ಪದವಿ ಕಾಲೇಜಿನ ಲ್ಯಾಬ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರಡು ದಿನದ ತರಬೇತಿ ಇಟ್ಟಿದ್ದೆವು. 30 ಜನ. ಮೊದಲ ದಿನವೆಲ್ಲ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯಿತು. ಇಂಟರ್‌ನೆಟ್ ನಿಧಾನ, ಕೆಲವು ಯಂತ್ರ ಹಳೆಯವು. ಮುಂದಿನ ಸಲ ಏನು ಮಾಡಬೇಕು?
— ಉಪನ್ಯಾಸಕರು, ಮಧುಗಿರಿ

ಉತ್ತರ: ತರಬೇತಿಯ ದಿನ ಇಂಟರ್‌ನೆಟ್ ಇಲ್ಲವೆಂದೇ ತಿಳಿದು ತಯಾರಾಗಿ, ಸರ್. ಒಬ್ಬೊಬ್ಬರೂ 100 ಎಂಬಿ ಇಳಿಸಿಕೊಂಡರೆ 30 ಜನಕ್ಕೆ 3 ಜಿಬಿ. ಯಾರದೋ ಮೊಬೈಲ್ ಹಾಟ್‌ಸ್ಪಾಟ್ ನಂಬಿದರೆ ದಿನದ 2 ಜಿಬಿ ಅರ್ಧ ದಾರಿಯಲ್ಲೇ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಮೇಲೆ ಯಾರಿಗೂ ಇಲ್ಲ.

ಒಂದು ವಾರ ಮೊದಲು ಲ್ಯಾಬ್‌ನ ಪ್ರತಿ ಯಂತ್ರದ ಮುಂದೆ ಕೂತು ಮೂರು ಸಂಗತಿ ಬರೆದುಕೊಳ್ಳಿ: ಯಾವ ವಿಂಡೋಸ್, 32 ಬಿಟ್ಟೋ 64 ಬಿಟ್ಟೋ, ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿ ಇದೆ. ವಿಂಡೋಸ್ 7 ಇದ್ದರೆ ಪೈಥಾನ್ 3.9 ಮತ್ತು ಮೇಲಿನವು ಏರುವುದೇ ಇಲ್ಲ. ಅದಕ್ಕೆ ಇನ್‌ಸ್ಟಾಲರ್ ಸಿಗುವ ಕೊನೆಯ ಆವೃತ್ತಿ 3.8.10. ನಿಮ್ಮ ಮೊದಲ ದಿನವನ್ನು ತಿಂದದ್ದು ಇದೇ ಇರಬಹುದು. ಹೊಸಬರ ತರಬೇತಿಗೆ ಥಾನಿ ಎಂಬ ಎಡಿಟರ್ ಇನ್ನೂ ಸುಲಭ. ಪೈಥಾನ್ ಅದರೊಳಗೇ ಇರುತ್ತದೆ, ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಬಳಕೆದಾರರ ಖಾತೆಗಷ್ಟೇ ಹಾಕಿಕೊಳ್ಳಬಹುದು.

ಪೈಥಾನ್ ಅನ್ನೇ ನೇರವಾಗಿ ಹಾಕುವುದಾದರೆ ಇನ್‌ಸ್ಟಾಲರಿನ ಮೊದಲ ಪರದೆಯ ತಳದಲ್ಲಿ 'ಆ್ಯಡ್ ಪೈಥಾನ್ ಟು ಪಾತ್' ಎಂಬ ಚೌಕವಿದೆ. ಅದಕ್ಕೆ ಟಿಕ್ ಹಾಕದೆ ಮುಂದೆ ಹೋದರೆ ವಿಂಡೋಸ್ 10, 11ರಲ್ಲಿ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಹೊಸಬರು ಅದನ್ನು ನೋಡಿ ಮತ್ತೆ ಡೌನ್‌ಲೋಡ್‌ಗೆ ಇಳಿಯುತ್ತಾರೆ. ಇನ್‌ಸ್ಟಾಲರನ್ನು ಮತ್ತೆ ಓಡಿಸಿ 'ಮಾಡಿಫೈ' ಒತ್ತಿ, ಮುಂದೆ ಬರುವ 'ಅಡ್ವಾನ್ಸ್ಡ್ ಆಪ್ಷನ್ಸ್' ಪರದೆಯಲ್ಲಿ 'ಆ್ಯಡ್ ಪೈಥಾನ್ ಟು ಎನ್ವಿರಾನ್ಮೆಂಟ್ ವೇರಿಯಬಲ್ಸ್' ಎಂಬುದಕ್ಕೆ ಟಿಕ್ ಹಾಕಿದರೆ ಸಾಕು.

ಪಾಂಡಾಸ್‌ನಂಥ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇಕಿದ್ದರೆ ಮನೆಯಲ್ಲೇ, ಲೈಬ್ರರಿ ತಂದು ಹಾಕುವ ಪಿಪ್‌ನ 'ಡೌನ್‌ಲೋಡ್' ಆದೇಶದಿಂದ ಒಂದು ಫೋಲ್ಡರಿಗೆ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಲ್ಯಾಬ್‌ನಲ್ಲಿ 'ನೋ ಇಂಡೆಕ್ಸ್', 'ಫೈಂಡ್ ಲಿಂಕ್ಸ್' ಎಂಬ ಎರಡು ಆಯ್ಕೆ ಸೇರಿಸಿ ಅದೇ ಫೋಲ್ಡರಿನಿಂದ ಇನ್‌ಸ್ಟಾಲ್ ಮಾಡಿ. ಇಳಿಸುವ ಯಂತ್ರದ ಪೈಥಾನ್ ಆವೃತ್ತಿಯೂ 32 ಬಿಟ್ಟೋ 64 ಬಿಟ್ಟೋ ಎಂಬುದೂ ಲ್ಯಾಬ್‌ನದಕ್ಕೆ ಹೊಂದಬೇಕು, ಇಲ್ಲದಿದ್ದರೆ ಫೈಲ್ ಎದುರಿಗಿದ್ದರೂ ಪಿಪ್ ಸಿಗಲಿಲ್ಲ ಎನ್ನುತ್ತದೆ. ನಾಲ್ಕೈದು ಪೆನ್‌ಡ್ರೈವ್ ಇರಲಿ, ಒಂದೇ ಆದರೆ ಅದರ ಹಿಂದೆಯೇ ಒಂದು ಗಂಟೆ ಹೋಗುತ್ತದೆ. ರೀಸ್ಟಾರ್ಟ್ ಆದೊಡನೆ ಹಾಕಿದ್ದನ್ನೆಲ್ಲ ಅಳಿಸಿಬಿಡುವ ತಂತ್ರಾಂಶ ಕೆಲವು ಲ್ಯಾಬ್‌ಗಳಲ್ಲಿರುತ್ತದೆ. ಹಿಂದಿನ ದಿನ ಒಂದು ಯಂತ್ರಕ್ಕೆ ಹಾಕಿ, ಆರಿಸಿ, ಮತ್ತೆ ಹಚ್ಚಿ ನೋಡಿ.

ಲ್ಯಾಪ್‌ಟಾಪ್ ತರುವವರಿದ್ದರೆ ವಿದ್ಯುತ್ತಿನ ಲೆಕ್ಕವೂ ಬೇಕು. 65 ವ್ಯಾಟಿನ 30 ಚಾರ್ಜರ್ ಎಂದರೆ 1,950 ವ್ಯಾಟ್, ಸುಮಾರು ಎಂಟೂವರೆ ಆಂಪಿಯರ್. ಗೋಡೆಯ ಒಂದು 6 ಆಂಪಿಯರ್ ಸಾಕೆಟ್ ಅದನ್ನು ತಡೆಯುವುದಿಲ್ಲ. ಒಂದು ಸಾಕೆಟ್ಟಿಗೆ ಹತ್ತಕ್ಕಿಂತ ಹೆಚ್ಚು ಬೇಡ, ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸುವುದಂತೂ ಬೇಡವೇ ಬೇಡ. ಪ್ರಾಜೆಕ್ಟರಿಗೆ ಬೇರೆ ಗೋಡೆಯಿಂದ ಲೈನ್ ತೆಗೆಯಿರಿ. ಬೆಸ್ಕಾಂ ಆ ದಿನ ನಿಮ್ಮ ಭಾಗದಲ್ಲಿ ವಿದ್ಯುತ್ ನಿಲುಗಡೆ ಪ್ರಕಟಿಸಿದೆಯೇ ಎಂದು ಮೊದಲೇ ನೋಡಿ.

ಪ್ರಶ್ನೆ: ಕನ್ನಡದಲ್ಲಿ ಹೇಳಿಕೊಡಬೇಕೋ ಇಂಗ್ಲಿಷಿನಲ್ಲೋ? ಕನ್ನಡದಲ್ಲಿ ಹೇಳಿದರೆ ಮುಂದೆ ಕೆಲಸಕ್ಕೆ ಕಷ್ಟ ಎನ್ನುತ್ತಾರೆ.
— ಓದುಗರು, ತಿಪಟೂರು

ಉತ್ತರ: ವಿವರಣೆ ಕನ್ನಡದಲ್ಲಿ, ಪದಗಳು ಇದ್ದ ಹಾಗೆ. ಲೂಪ್, ಫಂಕ್ಷನ್, ವೇರಿಯಬಲ್ ಎಂದೇ ಹೇಳಿ, ಅದಕ್ಕೆ ಹೊಸ ಕನ್ನಡ ಪದ ಹುಡುಕಿ ಕಲಿಯುವವರ ಹೊರೆ ಹೆಚ್ಚಿಸಬೇಡಿ. ಎರರ್ ಬಂದಾಗ ಅದನ್ನು ಇಂಗ್ಲಿಷಿನಲ್ಲೇ ಜೋರಾಗಿ ಓದಿಸಿ, ಏನು ಹೇಳುತ್ತಿದೆ ಎಂದು ಕನ್ನಡದಲ್ಲಿ ಕೇಳಿ. ಎರರ್ ಓದಲು ಬರುವವರಿಗೆ ಕೆಲಸದಲ್ಲಿ ಭಾಷೆ ತೊಡಕಾಗುವುದಿಲ್ಲ.

ಕನ್ನಡವನ್ನು ಇನ್ನೊಂದು ಕಡೆ ತರಬೇಕು, ಅಭ್ಯಾಸದ ಮಾಹಿತಿಯಲ್ಲಿ. ಜಿಲ್ಲೆಯ ಹತ್ತು ತಾಲ್ಲೂಕುಗಳ ಹೆಸರನ್ನು ಕನ್ನಡದಲ್ಲೇ ಒಂದು ಪಟ್ಟಿಗೆ ಹಾಕಿಸಿ, ಸಾರ್ಟ್ ಮಾಡಿಸಿ. ಕುಣಿಗಲ್, ಕೊರಟಗೆರೆ, ಗುಬ್ಬಿ ಎಂದು ಶುರುವಾಗಿ ಶಿರಾಕ್ಕೆ ಮುಗಿಯುತ್ತದೆ, ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ನಮ್ಮ ವರ್ಣಮಾಲೆಯನ್ನು ಬಹುಪಾಲು ಅದೇ ಕ್ರಮದಲ್ಲಿ ಇಟ್ಟಿರುವುದರಿಂದ. ಬಹುಪಾಲು ಎಂದದ್ದು ಯಾಕೆಂದರೆ ಅದರಲ್ಲಿ 'ಳ' ಬರುವುದು 'ಲ'ದ ಬೆನ್ನಿಗೇ. ನಿಘಂಟಿನಲ್ಲಿ 'ಬಸ್ಸು' ಆದ ಮೇಲೆ 'ಬಳೆ', ಪೈಥಾನಿನಲ್ಲಿ ಬಳೆ ಮೊದಲು. ಆಮೇಲೆ 'ತುಮಕೂರು' ಪದದ ಉದ್ದ ಕೇಳಿಸಿ. ಕಣ್ಣಿಗೆ ನಾಲ್ಕು ಅಕ್ಷರ, ಉತ್ತರ ಬರುವುದು 7. ತ, ಮ, ಕ, ರ ಎಂಬ ನಾಲ್ಕರ ಜೊತೆ ಮೂರು ಸ್ವರಚಿಹ್ನೆಗಳು ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಸ್ಟ್ರಿಂಗ್ (ಅಕ್ಷರಗಳ ಸರಣಿ) ಎಂದರೇನು ಎಂಬುದು ಇಷ್ಟು ಬೇಗ ಬೇರಾವ ಉದಾಹರಣೆಯಿಂದಲೂ ಮನಸ್ಸಿಗಿಳಿಯದು.

ಕನ್ನಡ ಫೈಲ್ ಓದಿಸುವಾಗ ಒಂದು ತೊಡಕು ಖಂಡಿತ ಬರುತ್ತದೆ. ವಿಂಡೋಸ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಹೇಳದೆ ಫೈಲ್ ತೆರೆದರೆ ಪೈಥಾನ್ ಸಾಮಾನ್ಯವಾಗಿ ಹಳೆಯ 1252 ಕೋಡ್‌ಪೇಜ್ ಹಿಡಿಯುತ್ತದೆ, ಅದು ಇಂಗ್ಲಿಷ್‌ನಂಥ ಭಾಷೆಗಳ ಅಕ್ಷರಪಟ್ಟಿ. ಆಗ 'ಪಾವಗಡ', 'ಶಿರಾ' ಎಂಬ ಹೆಸರುಗಳು ತಲೆಗೆ ಗೀಟು ಹಾಕಿದ ಇಂಗ್ಲಿಷ್ ಎ ಅಕ್ಷರಗಳ ಸಾಲಾಗಿ ಬರುತ್ತವೆ, ಎರರ್ ಇಲ್ಲ. 'ಗುಬ್ಬಿ', 'ತುಮಕೂರು' ಇದ್ದರೆ ಮಾತ್ರ ಯೂನಿಕೋಡ್ ಡಿಕೋಡ್ ಎರರ್. ಒಬ್ಬರ ಯಂತ್ರದಲ್ಲಿ ಒಂದು ತರಹ, ಇನ್ನೊಬ್ಬರದರಲ್ಲಿ ಇನ್ನೊಂದು ತರಹ ಆದಾಗ ತರಗತಿಯೇ ಗೊಂದಲಕ್ಕೆ ಬೀಳುತ್ತದೆ. ಕಾರಣ ಇಷ್ಟೆ: ಯೂನಿಕೋಡಿನ ಎನ್‌ಕೋಡಿಂಗ್ ಆದ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್. ಆ ಹಳೆಯ ಕೋಡ್‌ಪೇಜ್‌ನಲ್ಲಿ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ. ಕೊಂಬಿನ 'ು' ಮತ್ತು ಒತ್ತಕ್ಷರಕ್ಕೆ ಬೇಕಾದ ಹಲಂತ, ಎರಡರದೂ ಕೊನೆಯ ಬೈಟ್ ಆ ಐದರಲ್ಲಿ ಬೀಳುತ್ತದೆ. ಓಪನ್ ಫಂಕ್ಷನ್ನಿಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಮೊದಲ ದಿನದಿಂದಲೇ ಬರೆಸಿ. ಬರೆದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವುದಿದ್ದರೆ 'ಯುಟಿಎಫ್-8-ಸಿಗ್' ಎಂದು ಕೊಡಬೇಕು, ಇಲ್ಲದಿದ್ದರೆ ಅಲ್ಲಿಯೂ ಕನ್ನಡ ಕೆಡುತ್ತದೆ.

ತಿಪಟೂರಿನಲ್ಲಿ ಕೂತು ಅಭ್ಯಾಸಕ್ಕೆ ಪರದೇಶದ ಮನೆಬೆಲೆಯ ಪಟ್ಟಿ ಯಾಕೆ? ಎಪಿಎಂಸಿಯ ಕೊಬ್ಬರಿ ಧಾರಣೆಯನ್ನು ಒಂದು ತಿಂಗಳು ದಿನಾಂಕ, ಕ್ವಿಂಟಾಲ್ ಬೆಲೆ ಎಂಬ ಎರಡು ಕಾಲಂನಲ್ಲಿ ಬರೆದಿಟ್ಟುಕೊಳ್ಳಿ. ಸರಾಸರಿ, ಏರಿಳಿತ, ಗ್ರಾಫ್, ಎಲ್ಲಕ್ಕೂ ಅದು ಸಾಕು. ಬೆಲೆ 18,000ದ ಬದಲು 1,800 ಎಂದು ತಪ್ಪಿ ಬಿದ್ದಿದ್ದರೆ ಕಲಿಯುವವರೇ ಕಂಡುಹಿಡಿಯುತ್ತಾರೆ, ಏಕೆಂದರೆ ಕೊಬ್ಬರಿ ಬೆಲೆ ಅವರ ಮನೆಯ ಮಾತು.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕೋಡ್ ಕಾಪಿ ಮಾಡಿದರೆ ಓಡುವುದೇ ಇಲ್ಲ. ಯಾಕೆ?
— ಡಿಪ್ಲೊಮಾ ವಿದ್ಯಾರ್ಥಿ, ಶಿರಾ

ಉತ್ತರ: ಎರಡು ಕಾರಣ. ಫೋನಿನ ಕೀಬೋರ್ಡ್ ಅಥವಾ ವರ್ಡ್ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಮಾಡಿಬಿಡುತ್ತದೆ, ಪೈಥಾನ್ ಅದನ್ನು ಒಪ್ಪುವುದಿಲ್ಲ. ನಕ್ಷತ್ರ ಮತ್ತು ಅಡಿಗೆರೆಯನ್ನು ವಾಟ್ಸ್ಆ್ಯಪ್ ದಪ್ಪ, ಓರೆ ಅಕ್ಷರಕ್ಕೆ ಬಳಸಿಕೊಳ್ಳುತ್ತದೆ. ಕೋಡನ್ನು ಫೈಲ್ ಆಗಿ, ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿ. ಪ್ರಶ್ನೆ ಕೇಳುವಾಗಲೂ ಪರದೆಯ ಫೋಟೋ ಬೇಡ, ಎರರಿನ ಪೂರ್ತಿ ಪಠ್ಯ ಹಾಕಿ.

ಪ್ರಶ್ನೆ: ಖರ್ಚಿಗೆ ಯಾರನ್ನು ಕೇಳಬೇಕು? ಸರ್ಟಿಫಿಕೇಟ್ ಕೊಟ್ಟರೆ ಜನ ಹೆಚ್ಚು ಬರುತ್ತಾರೆಯೇ?
— ಓದುಗರು, ಗುಬ್ಬಿ

ಉತ್ತರ: ಮೊದಲ ಆರು ತಿಂಗಳು ಯಾರನ್ನೂ ಕೇಳಬೇಡಿ. ಜಾಗ ಕಾಲೇಜಿನದು, ಟೀ ಬಿಸ್ಕತ್ತು ಬಂದವರು ಹಂಚಿಕೊಂಡರಾಯಿತು. ಬಂದ ಹಣ, ಹೋದ ಹಣ ಅಂದೇ ಗುಂಪಿಗೆ ತಿಳಿಸಿ. ಸರ್ಟಿಫಿಕೇಟ್ ಕೊಟ್ಟರೆ ಜನ ಬರುತ್ತಾರೆ, ಸಹಿ ಹಾಕಿ ಹೋಗುತ್ತಾರೆ. ಕೊಡಲೇಬೇಕೆಂದಿದ್ದರೆ ತಾವು ಬರೆದ ಪ್ರೋಗ್ರಾಂ ತೋರಿಸಿ, ಅದರ ಯಾವುದಾದರೂ ಒಂದು ಸಾಲನ್ನು ವಿವರಿಸಿದವರಿಗೆ ಮಾತ್ರ ಕೊಡಿ.

ಪ್ರಶ್ನೆ: ನನ್ನ ಬಳಿ ಲ್ಯಾಪ್‌ಟಾಪ್ ಇಲ್ಲ. ತುಮಕೂರು ದೂರ. ಏನು ಮಾಡಲಿ?
— ಬಿ.ಸಿ.ಎ. ವಿದ್ಯಾರ್ಥಿನಿ, ಪಾವಗಡ

ಉತ್ತರ: ಒಂದು ಯಂತ್ರಕ್ಕೆ ಇಬ್ಬರು ಕೂತು, ಹದಿನೈದು ನಿಮಿಷಕ್ಕೊಮ್ಮೆ ಕೀಬೋರ್ಡ್ ಬದಲಿಸಿಕೊಳ್ಳಿ. ಟೈಪ್ ಮಾಡದಿರುವವರು ಮುಂದಿನ ಸಾಲು ಏನೆಂದು ಬಾಯಲ್ಲಿ ಹೇಳಬೇಕು. ಹೀಗೆ ಕಲಿತವರು ಒಂಟಿಯಾಗಿ ಕೂತವರಿಗಿಂತ ಹಿಂದೆ ಬೀಳುವುದಿಲ್ಲ. ಪ್ರತಿ ತಿಂಗಳು ತುಮಕೂರಿಗೆ ಬರುವ ಅಗತ್ಯವೂ ಇಲ್ಲ ತಂಗಿ. ನಿಮ್ಮ ಕಾಲೇಜಿನಲ್ಲೇ ನಾಲ್ಕು ಜನ, ಎರಡು ಕಂಪ್ಯೂಟರ್, ವಾರಕ್ಕೊಂದು ಸಂಜೆ ಸಿಕ್ಕರೆ ಅದೇ ಮೀಟಪ್. ಅಲ್ಲಿ ಬಿಡಿಸಲಾಗದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಮೂರು ತಿಂಗಳಿಗೊಮ್ಮೆ ತುಮಕೂರಿನ ಗುಂಪಿಗೆ ತನ್ನಿ.