ಗೋವಾದ ವಾಸ್ಕೋದಲ್ಲಿ ಬಲೆಗೆ ಸಿಕ್ಕ ಹಳದಿ ಮತ್ತು ಕಪ್ಪು ಕಡಲಕುದುರೆಗಳು ಬೇರೆ ಬೇರೆ ಜಾತಿಯವೇ?

ಬಣ್ಣ ನೋಡಿ ಜಾತಿ ಹೇಳಲಾಗದು. ಕಡಲಕುದುರೆ ಸುತ್ತಲಿನ ಪಾಚಿ, ಕಡಲಹುಲ್ಲಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ನೀವು ಕಂಡ ಎರಡೂ ಒಂದೇ ಜಾತಿಯವು ಇರಬಹುದು.

ತಜ್ಞರು ಮೊದಲು ಎಣಿಸುವುದು ಉಂಗುರಗಳನ್ನು. ಈ ಮೀನಿಗೆ ಹುರುಪೆ ಇಲ್ಲ. ತೊಗಲಿನಡಿ ಎಲುಬಿನ ತಟ್ಟೆಗಳು ಬಳೆ ಜೋಡಿಸಿದಂತಿರುತ್ತವೆ. ಮುಂಡದಲ್ಲಿ ಸಾಮಾನ್ಯವಾಗಿ 11, ಬಾಲದಲ್ಲಿ ಬಹುತೇಕ ಜಾತಿಗಳಿಗೆ 30ಕ್ಕಿಂತ ಹೆಚ್ಚು. ಆಮೇಲೆ ನೆತ್ತಿಯ ಕಿರೀಟ, ಕೆನ್ನೆಯ ಮುಳ್ಳು, ತಲೆಗೆ ಹೋಲಿಸಿದರೆ ಮೂತಿ ಎಷ್ಟುದ್ದ ಎಂಬುದು. ನಮ್ಮ ದೇಶದ ಕರಾವಳಿಯಲ್ಲಿರುವ ‘ಹಿಪ್ಪೊಕ್ಯಾಂಪಸ್ ಕುಡಾ’ದ ಮೈ ಹೆಚ್ಚುಕಡಿಮೆ ನಯ, ‘ಟ್ರೈಮ್ಯಾಕ್ಯುಲೇಟಸ್’ ಬೆನ್ನಲ್ಲಿ ಮೂರು ಕಪ್ಪು ಚುಕ್ಕೆ. ಆದರೆ ಎಲ್ಲ ಮೀನುಗಳಲ್ಲೂ ಚುಕ್ಕೆ ಕಾಣುವುದಿಲ್ಲ, ಅದೇ ತಲೆನೋವು! ಹೀಗಾಗಿಯೇ ಒಂದೇ ಜಾತಿಗೆ ಹಲವರು ಹಲವು ಹೆಸರಿಟ್ಟು, 2016ರಲ್ಲಿ ಎಲ್ಲ ಪರಿಷ್ಕರಿಸಿದಾಗ ಜಗತ್ತಿನಲ್ಲಿ ಉಳಿದದ್ದು 41 ಜಾತಿ. ನಂತರ ಕೆಲವು ಹೊಸವು ಸೇರಿವೆ.

ಯಾವ ಜಾತಿ ಎಲ್ಲಿದೆ ಎಂಬ ನೆಲೆಯ ನಕ್ಷೆಗೆ ಮ್ಯೂಸಿಯಂ ಮಾದರಿಗಳು, ಟ್ರಾಲರ್ ಬಲೆಗೆ ಬಿದ್ದವು, ಮುಳುಗುಗಾರರ ಫೋಟೊಗಳು ಆಧಾರ. ಹಳೆಯ ಮಾದರಿಗೆ ಸಿಕ್ಕ ಜಾಗ ಬರೆದಿಲ್ಲದಿದ್ದರೆ ನಕ್ಷೆಯ ಮಟ್ಟಿಗೆ ಅದು ದಂಡ. ಡಿಎನ್‌ಎ ಇನ್ನೂ ಸ್ವಾರಸ್ಯದ ಗಡಿ ತೋರಿಸಿದೆ: ಮೂರು ಚುಕ್ಕೆಯ ಜಾತಿಯಲ್ಲೇ ಎರಡು ವಂಶಗಳಿದ್ದು, ಅವನ್ನು ಇಂಡೊನೇಷ್ಯಾದ ವ್ಯಾಲೇಸ್ ರೇಖೆ (ಏಷ್ಯಾದ ಪ್ರಾಣಿಗಳ ನೆಲೆಯನ್ನು ಆಸ್ಟ್ರೇಲಿಯಾ ಕಡೆಯವುಗಳಿಂದ ಬೇರೆ ಮಾಡುವ ಗಡಿ) ಹೆಚ್ಚುಕಮ್ಮಿ ಬೇರ್ಪಡಿಸುತ್ತದೆ.

ಅಂದ ಹಾಗೆ, ಭಾರತದಲ್ಲಿ ಇದನ್ನು ಹಿಡಿಯುವುದು, ಒಣಗಿಸಿ ಮಾರುವುದು 2001ರಿಂದ ಅಪರಾಧ. ಜೀವಂತ ಸಿಕ್ಕರೆ ಪಕ್ಕದಿಂದೊಂದು ಫೋಟೊ ತೆಗೆದು ತಕ್ಷಣ ನೀರಿಗೆ ಬಿಡಲು ಮೀನುಗಾರರಿಗೆ ಹೇಳಿ. ಉಂಗುರ ಎಣಿಸಲು ಅಷ್ಟು ಸಾಕು.