ಅಪ್ಪ-ಅವ್ವನ ಡಲ್ಲಾಸ್ ಟಿಕೆಟನ್ನು ಆ್ಯಪ್‌ನಲ್ಲಿ ತೆಗೆಯಬೇಡಿ

ಏರ್‌ಲೈನ್ ಸೈಟ್‌ಗಿಂತ ಟಿಕೆಟ್ ಏಜೆನ್ಸಿಯ ಆ್ಯಪ್‌ನಲ್ಲಿ ಒಬ್ಬರಿಗೆ ಏಳು ಸಾವಿರ ಕಡಿಮೆ, ಅಲ್ಲೇ ತೆಗೆಯಲೇ ಅಂತ ಕೇಳಿದ್ದೀರಿ, ಏಜೆಂಟರೆಲ್ಲ ಒಂದೇ ಅಂತಲೂ ಬರೆದಿದ್ದೀರಿ. ಬೆಂಗಳೂರಿನಿಂದ ಡಲ್ಲಾಸ್, ಹೋಗುವವರು ಅಪ್ಪ-ಅವ್ವ, ನೀವು ಕಲಬುರಗಿಯವರು. ಓದುತ್ತಲೇ ಎದೆ ಧಸಕ್ಕೆಂದಿತು. ನಾನೂ ಇದೇ ಊರಲ್ಲಿ ಕೂತು ಇದೇ ಲೆಕ್ಕ ಹಾಕಿದವನು.

ತಂಗಿಯ ಬಾಣಂತನಕ್ಕೆ ಅವ್ವ ಹೊರಟಿದ್ದಳು, ಜೊತೆಗೆ ಅಪ್ಪ. ಹೈದರಾಬಾದಿನಿಂದ ಕೊಲ್ಲಿಯ ಒಂದು ಊರು, ಅಲ್ಲಿ ಎರಡೂವರೆ ತಾಸು ಬಿಟ್ಟು ಡಲ್ಲಾಸ್ ವಿಮಾನ. ಒಂದು ಆನ್‌ಲೈನ್ ಏಜೆನ್ಸಿಯಲ್ಲಿ ತೆಗೆದೆ. ‘ಕನ್ಫರ್ಮ್’ ಅಂತ ಮೇಲ್ ಬಂತು. ಪ್ರಿಂಟ್ ಹೊಡೆಸಿ ಅಪ್ಪನ ಪಾಸ್‌ಪೋರ್ಟಿನ ಜೊತೆ ಇಟ್ಟುಬಿಟ್ಟೆ. ಹೈದರಾಬಾದಿನ ಏರ್‌ಪೋರ್ಟ್ ಇರುವ ಶಂಶಾಬಾದಿನ ಕೌಂಟರಿನಲ್ಲಿ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು: ‘ಬುಕಿಂಗ್ ಇದೆ ಸರ್, ಟಿಕೆಟ್ ಇಲ್ಲ.’

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೆ ಅವತ್ತಿನ ತನಕ ಯಾರೂ ಹೇಳಿರಲಿಲ್ಲ. ಬುಕಿಂಗ್ ಬೇರೆ, ಟಿಕೆಟ್ ಬೇರೆ. ಆರು ಅಕ್ಷರಗಳ ಪಿಎನ್‌ಆರ್ ಸೀಟು ಕಾದಿರಿಸಿದ್ದರ ದಾಖಲೆ, ಅಷ್ಟೇ. ಆ ಸೀಟಿಗೆ ದುಡ್ಡು ಸಂದಿದೆ ಅನ್ನುವುದಕ್ಕೆ ಸಾಕ್ಷಿ 13 ಅಂಕಿಯ ಇ-ಟಿಕೆಟ್ ಸಂಖ್ಯೆ. ಅದರ ಮೊದಲ ಮೂರು ಅಂಕಿ ಏರ್‌ಲೈನಿನ ಗುರುತು: ಏರ್ ಇಂಡಿಯಾದ್ದು 098, ಲುಫ್ತಾನ್ಸಾದ್ದು 220. ಎರಡೂ ಒಂದಕ್ಕೊಂದು ತಾಳೆ ಆದರೆ ಮಾತ್ರ ಬೋರ್ಡಿಂಗ್ ಪಾಸ್ ಬರುತ್ತದೆ.

ನಮ್ಮದರಲ್ಲಿ ಆದದ್ದು ಇದು. ಏರ್‌ಲೈನ್ ಹೈದರಾಬಾದಿನ ವಿಮಾನದ ಹೊತ್ತನ್ನು ಮುಂದಕ್ಕೆ ಹಾಕಿತ್ತು. ಹಾಗಾಗಿ ಮುಂದಿನ ವಿಮಾನ ತಪ್ಪುತ್ತಿತ್ತು, ಸಿಸ್ಟಮ್ ಇಬ್ಬರನ್ನೂ ಬೇರೆ ವಿಮಾನಕ್ಕೆ ಸರಿಸಿತ್ತು. ಹೊಸ ವಿಮಾನಕ್ಕೆ ಹೊಂದುವಂತೆ ಹಳೇ ಟಿಕೆಟನ್ನು ಮರುವಿತರಣೆ ಮಾಡಬೇಕು, ಅದು ಟಿಕೆಟ್ ಕೊಟ್ಟ ಏಜೆನ್ಸಿಯ ಕೆಲಸ. ಏರ್‌ಲೈನ್ ಕಳಿಸಿದ ಸಂದೇಶ ಬುಕಿಂಗಿನಲ್ಲಿದ್ದ ಮೇಲ್‌ಗೆ ಹೋಗಿದೆ. ಅಲ್ಲಿದ್ದದ್ದು ನನ್ನ ಮೇಲ್ ಅಲ್ಲ, ಏಜೆನ್ಸಿಯದ್ದು. ನಾನು ತುಂಬಿದ ಫೋನ್ ನಂಬರು, ಮೇಲ್ ಎಲ್ಲ ಏಜೆನ್ಸಿಯ ಹತ್ತಿರವೇ ಉಳಿದಿದ್ದವು. ಅವರು ಟಿಕೆಟ್ ಸರಿಮಾಡಲಿಲ್ಲ, ನನಗೂ ಹೇಳಲಿಲ್ಲ. ನಾನೋ, ಏರ್‌ಲೈನಿನ ಸ್ವಂತ ಸೈಟಿನಲ್ಲಿ ಪಿಎನ್‌ಆರ್ ಹಾಕಿ ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದರೆ ಬದಲಾದ ಹೊತ್ತು ಕಣ್ಣೆದುರಿಗೇ ಇರುತ್ತಿತ್ತು, ಸರಿಪಡಿಸಲು ಬೇಕಾದಷ್ಟು ಸಮಯವೂ ಇತ್ತು.

ಏಜೆನ್ಸಿಯ ಫೋನಿನಲ್ಲಿ ರೆಕಾರ್ಡ್ ಮಾಡಿದ ದನಿ ಬಿಟ್ಟರೆ ಯಾರೂ ಸಿಗಲಿಲ್ಲ. ಕೌಂಟರಿನವರು ಕೈಲಾದಷ್ಟು ಪ್ರಯತ್ನ ಮಾಡಿದರು, ಆದರೆ ‘ಏಜೆನ್ಸಿಯೇ ಮಾಡಬೇಕು’ ಅನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದರು. ಮೊಣಕಾಲು ನೋವಿನ ಅವ್ವ ರಾತ್ರಿಯೆಲ್ಲ ಗಾಲಿಕುರ್ಚಿಯಲ್ಲೇ ಕೂತಳು. ಆ ಕಡೆ ತಂಗಿಗೆ ದಿನ ತುಂಬಿತ್ತು. ಮರುದಿನದ ವಿಮಾನಕ್ಕೆ, ಮೊದಲು ಕೊಟ್ಟದ್ದರ ದುಪ್ಪಟ್ಟಿಗೂ ಮಿಕ್ಕಿ ಕೊಟ್ಟು, ಹೊಸ ಟಿಕೆಟ್ ತೆಗೆದೆ. ಹಳೇ ಟಿಕೆಟಿನ ಹಣ ತಿಂಗಳುಗಟ್ಟಲೆ ಬರಲಿಲ್ಲ. ಹೋದ ದಾರಿಯಲ್ಲೇ ಅದು ವಾಪಸ್ ಬರಬೇಕು: ಏರ್‌ಲೈನಿನಿಂದ ಏಜೆನ್ಸಿಗೆ, ಏಜೆನ್ಸಿಯಿಂದ ನಮಗೆ. ಏಜೆನ್ಸಿ ಇನ್ನೊಬ್ಬ ದೊಡ್ಡ ಏಜೆಂಟಿನಿಂದ ಕೊಂಡಿದ್ದರೆ ನಡುವೆ ಮತ್ತೊಂದು ಕೈ. ಕೊನೆಗೆ ಬಂದಾಗ ಸೇವಾ ಶುಲ್ಕ ಅಂತ ಒಂದಿಷ್ಟು ಮುರಿದುಕೊಂಡಿದ್ದರು.

ಹಂಗಂತ ಏಜೆಂಟರೆಲ್ಲ ಕೆಟ್ಟವರು ಅಂತಲ್ಲ. ನೀವು ಎಲ್ಲರನ್ನೂ ಒಂದೇ ಸಾಲಿಗೆ ಸೇರಿಸಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಅಂಗಡಿ ಇಟ್ಟುಕೊಂಡು ಕೂತ ಏಜೆಂಟ್ ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುತ್ತಾನೆ, ಎತ್ತದಿದ್ದರೆ ಬೆಳಿಗ್ಗೆ ಅವನ ಬಾಗಿಲಿಗೆ ಹೋಗಿ ನಿಲ್ಲಬಹುದು. ಬೀದರ್, ಕಲಬುರಗಿಯಿಂದ ಉಮ್ರಾಗೆ ಹೋಗುವವರು ಇಂಥವರ ಮೂಲಕವೇ ಗುಂಪು ದರದಲ್ಲಿ ಹೋಗುತ್ತಾರೆ, ಅದು ಅವರಿಗೆ ಸರಿ. ನಾನು ಬೇಡ ಅನ್ನುವುದು ಮುಖ ಕಾಣದ ಆ್ಯಪ್ ಏಜೆನ್ಸಿಯನ್ನು, ಅದರಲ್ಲೂ ನಡುವೆ ವಿಮಾನ ಬದಲಿಸುವ ದೂರದ ಪ್ರಯಾಣಕ್ಕೆ, ಅದರಲ್ಲೂ ಇಂಗ್ಲಿಷ್ ಬಾರದ ವಯಸ್ಸಾದವರಿಗೆ.

ಗೂಗಲ್ ಫ್ಲೈಟ್ಸ್‌ನಲ್ಲಿ ಹುಡುಕಿ, ತೆಗೆಯುವುದು ಮಾತ್ರ ಏರ್‌ಲೈನ್ ಸೈಟಿನಲ್ಲಿ. ನೀವು ಹೋಗುತ್ತಿರುವುದು ಅಮೆರಿಕಕ್ಕೆ, ಹಾಗಾಗಿ ಇನ್ನೊಂದು ಅನುಕೂಲ ಇದೆ. ಹೊರಡಲು ಏಳು ದಿನ ಅಥವಾ ಹೆಚ್ಚು ಇರುವಾಗ ಏರ್‌ಲೈನಿನಲ್ಲೇ ನೇರ ತೆಗೆದರೆ, 24 ತಾಸಿನೊಳಗೆ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು, ಇಲ್ಲವೇ ದುಡ್ಡು ಕೊಡದೆ 24 ತಾಸು ಸೀಟು ಹಿಡಿದಿಡಲು ಬಿಡಬೇಕು. ಇದು ಅಮೆರಿಕದ ಸಾರಿಗೆ ಇಲಾಖೆಯ ನಿಯಮ. ಏಜೆನ್ಸಿಗಳಿಗೆ ಇದು ಅನ್ವಯಿಸುವುದಿಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದು ಆ ರಾತ್ರಿಯೇ ಗೊತ್ತಾದರೆ ಇದರ ಬೆಲೆ ತಿಳಿಯುತ್ತದೆ.

ಇನ್ನು ಬೆಂಗಳೂರು ಯಾಕೆ? ಸೇಡಂ, ಕೊಡಂಗಲ್, ಪರಗಿ, ಚೇವೆಳ್ಳ ದಾಟಿದರೆ ಶಂಶಾಬಾದ್. ಮನೆ ಮುಂದೆ ಗಾಡಿ ಹತ್ತಿದವರು ಏರ್‌ಪೋರ್ಟಿನಲ್ಲೇ ಇಳಿಯುತ್ತಾರೆ. ಬೆಂಗಳೂರಿಗೆ ರಾತ್ರಿಯೆಲ್ಲ ಪ್ರಯಾಣ, ಮತ್ತೆ ಅಲ್ಲಿಂದ ದೇವನಹಳ್ಳಿ. ವಿಮಾನದಲ್ಲಿ ಬೆಂಗಳೂರಿಗೆ ಹೋಗುತ್ತೇವೆ ಅಂದರೆ, ಬೇರೆ ಟಿಕೆಟಿನ ದೇಶೀಯ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಅಷ್ಟೇ ಬಿಡುತ್ತಾರೆ. ಅವ್ವ ಕಟ್ಟುವ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಖಾರದಪುಡಿಯ ಪೆಟ್ಟಿಗೆಗಳಿಗೆ ಅದು ಸಾಲುವುದಿಲ್ಲ. ಆ ವಿಮಾನ ತಡವಾಗಿ ಡಲ್ಲಾಸಿನದು ತಪ್ಪಿದರೂ ಕೇಳುವವರಿಲ್ಲ, ಟಿಕೆಟ್ ಬೇರೆ ಬೇರೆ.

ಹೈದರಾಬಾದಿನಿಂದ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ತೆಗೆಯಿರಿ. ತೆಗೆದ ದಿನವೇ ಏರ್‌ಲೈನ್ ಸೈಟಿನಲ್ಲಿ 13 ಅಂಕಿಯ ಸಂಖ್ಯೆ ಇದೆಯೇ, ಫೋನ್ ನಂಬರು ನಿಮ್ಮದೇ ಇದೆಯೇ ನೋಡಿ. ಗಾಲಿಕುರ್ಚಿ ಬೇಕಿದ್ದರೆ ಕನಿಷ್ಠ 48 ತಾಸು ಮೊದಲೇ ಏರ್‌ಲೈನಿಗೇ ಫೋನ್ ಮಾಡಿ ಬರೆಸಿ, ನಡುವಿನ ಏರ್‌ಪೋರ್ಟಿಗೂ ಸೇರಿಸಿ.