ತೊನ್ನಿಗೆ ಡ್ರಿಪ್ ಹಾಕಿಸಬೇಕೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ಮೊಡವೆ, ತಲೆಹೊಟ್ಟು, ಗಜಕರ್ಣಗಳದ್ದೇ ಮೇಲುಗೈ. ಮೂರು ತಿಂಗಳಿಂದ ತೊನ್ನಿನ ಪತ್ರಗಳು ಒಂದೇ ಸಮನೆ ಬರುತ್ತಿವೆ, ಎಲ್ಲದರಲ್ಲೂ ‘ಆಕ್ಸಿಡೇಟಿವ್ ಸ್ಟ್ರೆಸ್’ ಎಂಬ ಒಂದೇ ಮಂತ್ರ. ಯಾರೋ ಈ ಪದವನ್ನು ಮಾರಲು ಕುಳಿತಿದ್ದಾರೆ ಎಂಬ ಅನುಮಾನವಿತ್ತು. ಕೆಳಗಿನ ಪತ್ರ ಓದಿದ ಮೇಲೆ ಅನುಮಾನ ಉಳಿಯಲಿಲ್ಲ.

ಪ್ರಶ್ನೆ: ನನಗೆ 34 ವರ್ಷ. ಒಂದೂವರೆ ವರ್ಷದಿಂದ ಬೆರಳ ತುದಿ, ಮೊಣಕಾಲು ಮತ್ತು ತುಟಿಯ ಅಂಚಿನಲ್ಲಿ ಬಿಳಿ ಕಲೆಗಳಿವೆ. ಒಂದು ಸೌಂದರ್ಯ ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ ಮಾಡಿ, ಆಕ್ಸಿಡೇಟಿವ್ ಸ್ಟ್ರೆಸ್ ಹೆಚ್ಚಿದೆ ಎಂದರು. ಹತ್ತು ಗ್ಲುಟಾಥಿಯೋನ್ ಡ್ರಿಪ್, ಜೊತೆಗೆ ಮಾತ್ರೆ, ಒಟ್ಟು 38,000 ರೂಪಾಯಿ. ಹಾಕಿಸಿಕೊಳ್ಳಲೇ? ದಿನವೂ ಲೋಕಲ್ ರೈಲಿನಲ್ಲಿ ನೇತಾಡುವ ಈ ಕೆಲಸ ಬಿಟ್ಟರೆ ಸ್ಟ್ರೆಸ್ ಇಳಿದೀತೇ? (ಡೊಂಬಿವಲಿ)

ಉತ್ತರ: ಹಾಕಿಸಿಕೊಳ್ಳಬೇಡಿ. ಕೆಲಸವನ್ನೂ ಬಿಡಬೇಡಿ. ಇಲ್ಲಿ ‘ಸ್ಟ್ರೆಸ್’ ಎಂದರೆ 8.12ರ ರೈಲು ತಪ್ಪಿದಾಗ ಆಗುವ ಟೆನ್ಶನ್ ಅಲ್ಲ, ಜೀವಕೋಶದೊಳಗಿನ ರಸಾಯನ.

ಚರ್ಮದ ಹೊರಪದರದ ತಳದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳು ಮೆಲನಿನ್ ಬಣ್ಣವನ್ನು ತಯಾರಿಸುತ್ತವೆ. ಈ ಕೆಲಸವೇ ಅಪಾಯದ್ದು. ಟೈರೋಸಿನ್ ಎಂಬ ಅಮೈನೋ ಆಮ್ಲ ಮೆಲನಿನ್ ಆಗುವ ಹಾದಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ಕ್ವಿನೋನ್‌ಗಳಂಥ ಉರಿಗುಣದ ವಸ್ತುಗಳು (ಆಕ್ಸಿಡೆಂಟ್‌ಗಳು) ಹುಟ್ಟುತ್ತವೆ. ಇವು ಮಿತಿಮೀರಿ ಜೀವಕೋಶಕ್ಕೆ ಪೆಟ್ಟು ಕೊಡುವುದೇ ಆಕ್ಸಿಡೇಟಿವ್ ಸ್ಟ್ರೆಸ್. ಒಗ್ಗರಣೆ ಹಾಕುವವರ ಕೈಗೆ ಸಾಸಿವೆ ಸಿಡಿಯುವುದು ಸಹಜ, ಅದಕ್ಕೇ ಪಕ್ಕದಲ್ಲಿ ಮುಚ್ಚಳ ಇಟ್ಟುಕೊಳ್ಳುತ್ತೇವೆ. ಜೀವಕೋಶದಲ್ಲಿ ಆ ಮುಚ್ಚಳ ಕೆಟಲೇಸ್‌ನಂಥ ಕಿಣ್ವ. ತೊನ್ನು ಇರುವವರ ಚರ್ಮದಲ್ಲಿ ಕೆಟಲೇಸ್ ಕಡಿಮೆ ಎಂದು 1991ರಲ್ಲೇ ತೋರಿಸಲಾಗಿತ್ತು. 1999ರಲ್ಲಿ ಅಂಥ ಚರ್ಮದಲ್ಲಿ ಪೆರಾಕ್ಸೈಡ್ ಶೇಖರವಾಗಿರುವುದನ್ನು ಬೆಳಕು ಚದುರುವ ಬಗೆಯಿಂದ ವಸ್ತುವನ್ನು ಗುರುತಿಸುವ ರಾಮನ್ ರೋಹಿತದ ಮೂಲಕ ಕಂಡರು. (ಹೌದು, ನಮ್ಮ ಸಿ.ವಿ. ರಾಮನ್ ಅವರ ಹೆಸರಿನದೇ.) ಅಂದರೆ ಕ್ಲಿನಿಕ್‌ನವರು ಹೇಳಿದ ಪದ ಸುಳ್ಳಲ್ಲ. ಅದರ ಹೆಸರಿನಲ್ಲಿ ನಡೆದಿರುವ ವ್ಯಾಪಾರ ಸುಳ್ಳು.

ಏಕೆಂದರೆ ಸಾಸಿವೆ ಸಿಡಿದ ಮೇಲೆ ಇನ್ನೊಂದು ಕಥೆ ಶುರುವಾಗುತ್ತದೆ. ಪೆಟ್ಟು ತಿಂದ ಮೆಲನೋಸೈಟ್ ಕಳುಹಿಸುವ ಸಂಕಟದ ಸಂದೇಶ ರೋಗನಿರೋಧಕ ವ್ಯವಸ್ಥೆಗೆ ಮುಟ್ಟುತ್ತದೆ. ಆ ವ್ಯವಸ್ಥೆಯ ಸೈನಿಕರಾದ ಟಿ ಕೋಶಗಳು ಬಂದು ಬಣ್ಣದ ಕೋಶಗಳನ್ನೇ ಶತ್ರುವೆಂದು ಹೊಡೆಯುತ್ತವೆ, ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಸ್ತುವನ್ನು ಸುರಿಸಿ ಇನ್ನಷ್ಟು ಟಿ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಕೆಲವು ಅಲ್ಲೇ ಬೀಡುಬಿಡುತ್ತವೆ. ಚಿಕಿತ್ಸೆ ನಿಲ್ಲಿಸಿದ ಮೇಲೆ ಕಲೆ ಹಳೆಯ ಜಾಗದಲ್ಲೇ ಮರಳುವುದು ಇವುಗಳಿಂದ. ನಿಮ್ಮ ಒಂದೂವರೆ ವರ್ಷದ ಕಲೆಗಳಲ್ಲಿ ಈಗ ನಡೆದಿರುವುದು ಈ ಎರಡನೆಯ ಕಥೆ. ಅಡುಗೆಮನೆಗೆ ಜಗಳಗಂಟರು ನುಗ್ಗಿದ ಮೇಲೆ ಮುಚ್ಚಳ ಹುಡುಕಿ ಏನು ಪ್ರಯೋಜನ?

ಇನ್ನು ಆ ಡ್ರಿಪ್. ಗ್ಲುಟಾಥಿಯೋನ್ ಆ ಉರಿ ತಣಿಸುವ ಆ್ಯಂಟಿಆಕ್ಸಿಡೆಂಟ್ ಹೌದು, ಆದರೆ ಅದು ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವವನ್ನು ತಗ್ಗಿಸಿ, ಮೆಲನಿನ್ ತಯಾರಿಕೆಯನ್ನು ತಿಳಿಬಣ್ಣದ ಕಡೆಗೆ ತಿರುಗಿಸುತ್ತದೆ. ಆ ಕಾರಣಕ್ಕೇ ಅದನ್ನು ಮೈ ಬೆಳ್ಳಗಾಗಲು ಎಂದು ಮಾರುತ್ತಾರೆ. ಬಣ್ಣ ಹೋಯಿತೆಂದು ಅಳುತ್ತ ಬಂದವರಿಗೆ ಬಣ್ಣ ಕಳೆಯುವ ಸರಕನ್ನೇ ನರಕ್ಕೆ ಏರಿಸಲು ಹೊರಟವರ ಧೈರ್ಯಕ್ಕೆ ಕೈ ಮುಗಿಯಬೇಕು. ರಕ್ತ ಪರೀಕ್ಷೆಯ ಕಾಗದವನ್ನು ಮಡಚಿ ಒಳಗಿಡಿ. ಅಂಥ ವರದಿ ನೋಡಿ ನಾನು ಇದುವರೆಗೆ ಒಬ್ಬರ ಔಷಧವನ್ನೂ ಬದಲಿಸಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ತೊನ್ನಿನ ಜೊತೆಗೆ ಅದು ಹದಗೆಡುವುದು ಹೆಚ್ಚು. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳೆಲ್ಲ ಬೂದಿ ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಮೂರು ಬಾರಿ 40 ಮಿಲಿಗ್ರಾಂ ಗಿಂಕೊ (ಒಂದು ಮರದ ಎಲೆಯ ಸತ್ವ) ಕೊಟ್ಟಾಗ, ನಿಧಾನವಾಗಿ ಹರಡುತ್ತಿದ್ದ ತೊನ್ನು ನಿಂತದ್ದನ್ನು 2003ರಲ್ಲಿ ಚಂಡೀಗಢದ ವೈದ್ಯರು ಒಂದು ಸಣ್ಣ ಪ್ರಯೋಗದಲ್ಲಿ ಕಂಡಿದ್ದರು. ಬೆಳಕಿನ ಚಿಕಿತ್ಸೆಯ ಜೊತೆಗೆ ಆಲ್ಫಾ ಲಿಪೊಯಿಕ್ ಆಮ್ಲ, ವಿಟಮಿನ್ ಇ ಕೊಟ್ಟು ನೋಡಿದವರೂ ಇದ್ದಾರೆ. ಕೆಲವರಿಗೆ ನಾನೂ ಬರೆಯುತ್ತೇನೆ, ಆದರೆ ಊಟದ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಗಿಂಕೊ ಬರೆಯುವುದೇ ಇಲ್ಲ.

ಊಟವೆಂದರೆ ಮುಲಾಮು ಮತ್ತು 311 ನ್ಯಾನೋಮೀಟರಿನ ನೇರಳಾತೀತ ಬೆಳಕು. ವಾರಕ್ಕೆ ಎರಡು ಮೂರು ಬಾರಿ, ಆರು ತಿಂಗಳಾದರೂ ಬೇಕು. ಬೆಳಕು ಕೂಡ ಚರ್ಮದಲ್ಲಿ ಆಕ್ಸಿಡೆಂಟ್ ಹುಟ್ಟಿಸುತ್ತದಲ್ಲ ಎಂದು ಅಂತರ್ಜಾಲ ಓದಿದವರು ಕೇಳುತ್ತಾರೆ. ಹುಟ್ಟಿಸುತ್ತದೆ. ಆದರೆ ಅದೇ ಬೆಳಕು ಅಳತೆಯಲ್ಲಿದ್ದರೆ ಟಿ ಕೋಶಗಳನ್ನು ಸುಮ್ಮನಾಗಿಸಿ, ಕೂದಲಿನ ಬುಡದಲ್ಲಿ ಮಲಗಿರುವ, ಮೆಲನೋಸೈಟ್ ಆಗಬಲ್ಲ ಮೂಲಕೋಶಗಳನ್ನು ಎಬ್ಬಿಸುತ್ತದೆ. ಬಣ್ಣ ಮರಳುವಾಗ ರೋಮದ ಸುತ್ತ ಎಳ್ಳು ಚೆಲ್ಲಿದಂತೆ ಚುಕ್ಕೆ ಚುಕ್ಕೆಯಾಗಿ ಬರುವುದು ಅದಕ್ಕೇ. ನಿಮ್ಮ ಮೊಣಕಾಲಿಗೆ ಭರವಸೆ ಕೊಡುತ್ತೇನೆ. ರೋಮವಿಲ್ಲದ ಬೆರಳ ತುದಿಗೆ ಮತ್ತು ತುಟಿಗೆ ಕೊಡಲಾರೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಕ್ಸೊಲಿಟಿನಿಬ್ ಮುಲಾಮು ತಡೆಯುವುದು ಇಂಟರ್‌ಫೆರಾನ್ ಸಂದೇಶವನ್ನು, ಪೆರಾಕ್ಸೈಡನ್ನಲ್ಲ. ಆ ಕ್ಲಿನಿಕ್‌ನವರಿಗೆ ಇದನ್ನು ಯಾರಾದರೂ ಓದಿ ಹೇಳಿ.

ಆಕ್ಸಿಡೇಟಿವ್ ಸ್ಟ್ರೆಸ್ ನಿಜವಾಗಿ ನಮ್ಮ ಕೈಯಲ್ಲಿರುವ ಜಾಗವೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ, ಮಾರಲು ಅಲ್ಲಿ ಏನೂ ಇಲ್ಲವಲ್ಲ. ಮುಲುಂಡ್‌ನಿಂದ ಬಂದ ಹಿರಿಯರೊಬ್ಬರು ನನ್ನೆದುರು ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಮೇಜಿನ ಅಂಚಿಗೆ ಅಂಟಿಸಿದರು. ಅದರಡಿ ಅಷ್ಟೇ ಅಗಲದ, ಕಂಪಾಸಿನಲ್ಲಿ ಎಳೆದಂಥ ಬಿಳಿ ವೃತ್ತ. ಮುಚ್ಚಿಕೊಳ್ಳಲೆಂದು ಅವರು ಇನ್ನೂ ದೊಡ್ಡ ಬೊಟ್ಟು ಇಡುತ್ತಿದ್ದರಂತೆ! ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ನೋಡಲು ಟೈರೋಸಿನ್‌ನಂತೆಯೇ ಇದ್ದು, ಮೆಲನೋಸೈಟ್‌ನೊಳಗೆ ಉರಿ ಹಚ್ಚುತ್ತದೆ. 2013ರಲ್ಲಿ ಜಪಾನಿನಲ್ಲಿ ರೋಡೊಡೆಂಡ್ರಾಲ್ ಎಂಬ ಅಂಥದೇ ವಸ್ತುವಿದ್ದ ಬಿಳುಪಿನ ಕ್ರೀಮುಗಳಿಂದ ಸಾವಿರಾರು ಮಂದಿಯ ಮುಖ, ಕುತ್ತಿಗೆ, ಕೈಗಳ ಮೇಲೆ ಬಿಳಿ ಕಲೆಗಳೆದ್ದವು. ಸ್ಟಿಕ್ಕರ್ ಬಿಟ್ಟು ಕುಂಕುಮ ಇಡಿ ಎಂದರೆ, ಬೆವರಿಗೆ ಇಳಿಯುತ್ತದೆ ಡಾಕ್ಟರೇ ಎನ್ನುತ್ತಾರೆ. ಇಳಿಯಲಿ.

ಪ್ರಶ್ನೆ: ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ನಿಲ್ಲಬಹುದೇ? (ಪಿಂಪರಿ)

ಉತ್ತರ: ಬಾವಂಚಿಯಲ್ಲಿ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವ ಸೊರಾಲೆನ್ ಇದೆ, ಆದ್ದರಿಂದ ಅಜ್ಜಿಯ ಕಾಲದವರು ಸುಮ್ಮನೆ ಹಚ್ಚಿದ್ದಲ್ಲ. ಆದರೆ ಅಂಗಡಿಯ ಸೀಸೆಯಲ್ಲಿ ಅದು ಎಷ್ಟಿದೆಯೋ, ಏಪ್ರಿಲ್‌ನ ಬಿಸಿಲು ಎಷ್ಟಿದೆಯೋ ಅಳೆದವರಿಲ್ಲ. ಬೊಬ್ಬೆ ಎದ್ದು ಬರುತ್ತಾರೆ, ಬೊಬ್ಬೆ ಎದ್ದ ಗಾಯದ ಮೇಲೆ ಹೊಸ ಕಲೆ ಮೂಡಿಸಿಕೊಂಡು ಮತ್ತೆ ಬರುತ್ತಾರೆ. ಬೇಡ.

ಪ್ರಶ್ನೆ: ಬಂಗುಡೆ ತಿಂದು ಮಜ್ಜಿಗೆ ಕುಡಿದರೆ ತೊನ್ನು ಬರುತ್ತದೆಯೇ? (ಘಾಟ್‌ಕೋಪರ್)

ಉತ್ತರ: ಬರುವುದಾಗಿದ್ದರೆ ನಮ್ಮ ಕರಾವಳಿಯಲ್ಲಿ ಕಂದು ಬಣ್ಣದವರು ಸಿಗುತ್ತಿರಲಿಲ್ಲ.

ಪ್ರಶ್ನೆ: ತಾಮ್ರದ ಚೊಂಬಿನ ನೀರು? (ಪುಣೆ)

ಉತ್ತರ: ಬಾಯಾರಿಕೆ ಹೋಗುತ್ತದೆ.

ಪ್ರಶ್ನೆ: ಇದು ಕುಷ್ಠದ ಆರಂಭವೇ? ಮಗಳಿಗೆ ಅಂಟುವುದೇ? (ವಾಸ್ಕೊ)

ಉತ್ತರ: ಅಲ್ಲ. ಅಂಟುವುದಿಲ್ಲ. ‘ಶ್ವೇತ ಕುಷ್ಠ’ ಎಂದು ಹೆಸರಿಟ್ಟವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕುಂದಿರುತ್ತದೆ, ತೊನ್ನಿನಲ್ಲಿ ಸರಿಯಾಗಿಯೇ ಇರುತ್ತದೆ.

ಪ್ರಶ್ನೆ: ಮಳೆಗಾಲ ಮುಗಿಯುವಾಗ ಎರಡೂ ಪಾದಗಳ ಮೇಲೆ ‘ವಿ’ ಆಕಾರದಲ್ಲಿ ಬಿಳುಪು ಬಂದಿದೆ. ರಕ್ತಶುದ್ಧಿಗೆ ಏನು ಕುಡಿಯಲಿ? (ಮಡಗಾಂವ)

ಉತ್ತರ: ಏನನ್ನೂ ಕುಡಿಯಬೇಡಿ. ನಾಲ್ಕು ತಿಂಗಳು ಒದ್ದೆ ಕಾಲಿನಲ್ಲಿ ಮೆಟ್ಟಿದ ರಬ್ಬರ್ ಚಪ್ಪಲಿಯ ಪಟ್ಟಿ ಯಾವ ಆಕಾರದಲ್ಲಿದೆ, ನೋಡಿಕೊಳ್ಳಿ. ಇಂದೇ ತೊಡುವುದನ್ನು ಬಿಡಿ, ಆದರೆ ಎಸೆಯಬೇಡಿ. ಚರ್ಮವೈದ್ಯರ ಹತ್ತಿರ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ.